ಆಮೇಲೆ ನೆನಪಿಸು

"ಹಾಗಾದ್ರೆ ನಾನು ಸತ್ತಿದ್ದು ಯಾವಾಗ?"

ಪ್ಲಾಮೆನ್ ಶೊಪೊವ್ ಇದನ್ನು ಯಾರನ್ನೂ ಕೇಳಿದ್ದಲ್ಲ. ವ್ರಾತ್ಸಾ ಪೊಲೀಸ್ ಠಾಣೆಯ ಮೇಜಿನ ಮುಂದೆ ನಿಂತು, ಕೈಯಲ್ಲಿದ್ದ ಕಾಗದವನ್ನೇ ನೋಡುತ್ತ ಕೇಳಿದ. ಕಪ್ಪು ಅಂಚು, ಮೇಲೆ ಶಿಲುಬೆ, ನಡುವೆ ಅವನದೇ ಫೋಟೋ, ಕೆಳಗೆ ಎರಡು ಸಾಲು ಪದ್ಯ. ಸಾವಾದ ಮನೆಯ ಬಾಗಿಲಿಗೆ, ಇಗರ್ಜಿಯ ಹಲಗೆಗೆ ಅಂಟಿಸುವ ಮರಣ ಪ್ರಕಟಣೆ.

ಕಾನ್‌ಸ್ಟೇಬಲ್ ಗಾಲ್ಯಾ ತಲೆಯೆತ್ತಿದಳು. "ಯಾರೋ ತಮಾಷೆ ಮಾಡಿರ್ಬೇಕು."

"ತಮಾಷೆನಾ? ನಾನು ರಾಜಧಾನಿಗೆ, ಸೋಫಿಯಾಗೆ ಹೋಗಿದ್ದೆ. ಬೆಳಿಗ್ಗೆ ಬ್ರೆಡ್ಡು ತರೋಕೆ ಅಂತ ನಮ್ಮಮ್ಮ ಬಾಗಿಲು ತೆಗೆದು ಇದನ್ನ ಓದಿದ್ಲು. ಮೆಟ್ಟಿಲ ಮೇಲೇ ಬಿದ್ಲು. ಬಲಗೈ ಏಳ್ತಿಲ್ಲ, ಮಾತು ಹೋಗಿದೆ."

ಮೇ ಹದಿನಾಲ್ಕರಂದು ಎಫ್‌ಐಆರ್ ದಾಖಲಾಯಿತು. ತನಿಖೆ ಇನ್‌ಸ್ಪೆಕ್ಟರ್ ರೂಮೆನ್ ತಾಬಾಕೊವ್‌ನ ಪಾಲಿಗೆ ಬಂತು. ಅವನು ಹೆಚ್ಚು ಮಾತಿನವನಲ್ಲ. ದಿನವೂ ಠಾಣೆಗೆ ನಡೆದು ಬರುವಾಗ ಬಾಗಿಲುಗಳ ಮೇಲಿನ ಪ್ರಕಟಣೆಗಳನ್ನು ಓದಿ, ಪ್ರತಿ ಹೆಸರಿಗೂ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಬರುವುದು ಅವನ ರೂಢಿ.

"ಶತ್ರುಗಳಿದ್ದಾರಾ?"

"ಕಂಪ್ಯೂಟರ್ ರಿಪೇರಿಯವನಿಗೆ ಯಾವ ಶತ್ರು, ಸಾಹೇಬ್ರೆ? ಕೆಟ್ಟಾಗ ಬೈತಾರೆ, ಸರಿಹೋದಾಗ ಮರೀತಾರೆ."

ತಾಬಾಕೊವ್ ಪದ್ಯವನ್ನು ಮೆಲ್ಲಗೆ, ಉಸಿರಲ್ಲೇ ಹೇಳಿಕೊಂಡ:

ಅಗುಳಿ ಹಾಕಿಲ್ಲ ಬಾಗಿಲಿಗೆ, ಬಾ,
ತಡವಾಯಿತೆಂದು ಇನ್ನು ಬೈಯುವುದಿಲ್ಲ.

"ನಿಮಗೆಷ್ಟು ವಯಸ್ಸು?"

"ಐವತ್ತೆರಡು."

"ಮನೆಗೆ ತಡವಾಗಿ ಹೋದ್ರೆ ಬೈಯೋರು ಯಾರಿದ್ದಾರೆ?"

"ಹೆಂಡ್ತಿ ಬೈತಿದ್ಲು. ಈಗ ಇನ್ನೊಬ್ಬನ್ನ ಬೈತಿದ್ದಾಳೆ."

ತಾಬಾಕೊವ್ ಮತ್ತೆ ಪದ್ಯ ನೋಡಿದ. ಇದು ಗಂಡಸಿಗೆ ಬರೆದ ಸಾಲಲ್ಲ, ರಾತ್ರಿ ಹೊತ್ತಾಗಿ ಮನೆ ಸೇರುವ ಮಗುವಿಗೆ ತಾಯಿ ಬರೆದದ್ದು ಎಂದು ಅವನ ಕಿವಿಗೆ ಕೇಳಿಸಿತ್ತು. ಎಲ್ಲೋ ಓದಿದ ನೆನಪೂ ಇತ್ತು. ಗಾಲ್ಯಾಳನ್ನು ಕರೆದುಕೊಂಡು ಇಗರ್ಜಿಯ ಹಲಗೆಯ ಬಳಿಗೆ ಹೋದ. ಅಲ್ಲಿ ಹಳೆಯ ಪ್ರಕಟಣೆಗಳನ್ನು ಯಾರೂ ಕೀಳುವುದಿಲ್ಲ; ಒಂದರ ಮೇಲೊಂದು ಅಂಟಿಸುತ್ತ ಹೋಗುತ್ತಾರೆ. ಗಾಲ್ಯಾ ಉಗುರಿನಿಂದ ಪದರ ಪದರವಾಗಿ ಎಬ್ಬಿಸಿದಳು. ಐದನೆಯ ಪದರದಲ್ಲಿ ಅದೇ ಪದ್ಯ ಸಿಕ್ಕಿತು. ಮೇಲಿದ್ದದ್ದು ಹುಡುಗಿಯೊಬ್ಬಳ ಮುಖ: ಬಿಲ್ಯಾನಾ ಮಿಂಚೆವಾ, ಹತ್ತೊಂಬತ್ತು ವರ್ಷ.

"ಘಾಟಿಯಲ್ಲಿ ಮಿನಿಬಸ್ ಉರುಳಿತ್ತಲ್ಲ ಸಾರ್, ಆ ಹುಡುಗಿ. ಇವಳಮ್ಮ ಎವ್ದೊಕಿಯಾ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಸತ್ತ ದಿನದ್ದು, ಆಮೇಲೆ ನಲವತ್ತನೇ ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಅಂಟಿಸೋದು, ಊರಿನ ಪ್ರಕಟಣೆಗಳೆಲ್ಲ ಅಲ್ಲೇ ಆಗೋದು."

"ಪದ್ಯವೂ ಅಲ್ಲೇ ಕೊಡ್ತಾರಾ?"

"ಸಿದ್ಧ ಪದ್ಯಗಳಿವೆ, ಆರಿಸಿಕೋಬೇಕು. ಇದು ಅದರಲ್ಲಿಲ್ಲ. ನಮ್ಮ ತಾತ ಹೋದಾಗ ಎಲ್ಲಾನೂ ಓದಿದ್ದೆ."

ಮರುದಿನ ಬೆಳಿಗ್ಗೆ ಶೋಧನಾ ವಾರಂಟ್ ಹಿಡಿದು ಅಂಗಡಿಗೆ ಹೋದರು. ಜಿಲ್ಲಾ ಕಚೇರಿಯಿಂದ ತಂತ್ರಜ್ಞ ನೇಡ್ಕೊ ಬಂದಿದ್ದ. ಪಂಚರಾಗಿ ಎದುರಿನ ಬೇಕರಿಯವನೂ ಇಗರ್ಜಿಯಲ್ಲಿ ಮೇಣದಬತ್ತಿ ಮಾರುವ ಮುದುಕಿಯೂ ನಿಂತರು. ಎವ್ದೊಕಿಯಾ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. ಏಕೆ ಬಂದಿರಿ ಎಂದು ಕೇಳಲಿಲ್ಲ.

"ಪ್ರಕಟಣೆ ಮಾಡೋ ಪ್ರೋಗ್ರಾಂ ಎಲ್ಲಿದೆ?" ನೇಡ್ಕೊ ಕೇಳಿದ.

"ಇಲ್ಲ. ತೆಗೆದುಹಾಕಿದ್ದೀನಿ. ಈಗ ಎಲ್ಲ ಕೈಯಲ್ಲೇ ಜೋಡಿಸೋದು."

ಅವನು ಕಂಪ್ಯೂಟರ್ ಚಾಲೂ ಮಾಡಿದ. ಪರದೆ ಬೆಳಗಿತು. ಯಾರೂ ಏನೂ ಒತ್ತುವ ಮೊದಲೇ ಮೂಲೆಯಿಂದ ಒಂದು ಚೌಕ ಎದ್ದುಬಂತು. ಅದರಲ್ಲಿ ಬಿಲ್ಯಾನಾ ನಗುತ್ತಿದ್ದಳು. ಕೆಳಗೆ ಹೀಗಿತ್ತು: ನಿಧನಕ್ಕೆ ಒಂದೂವರೆ ವರ್ಷ ಸಮೀಪಿಸುತ್ತಿದೆ. ಹೊಸ ಪ್ರಕಟಣೆ ಮುದ್ರಿಸಬೇಕೆ? ಎರಡು ಗುಂಡಿಗಳು. ಹೌದು. ಆಮೇಲೆ ನೆನಪಿಸು.

ಬೇಡ ಎನ್ನುವ ಗುಂಡಿ ಇರಲಿಲ್ಲ.

ಮೇಣದಬತ್ತಿಯ ಮುದುಕಿ ಶಿಲುಬೆ ಗುರುತು ಹಾಕಿಕೊಂಡಳು. ಬೇಕರಿಯವನು ತನ್ನ ಬೂಟು ನೋಡತೊಡಗಿದ.

"ಹೌದು ಒತ್ತಿದ್ರೆ ಪ್ರೋಗ್ರಾಂ ಇಲ್ಲ ಅನ್ನುತ್ತೆ," ಎಂದಳು ಎವ್ದೊಕಿಯಾ. "ಇಲ್ಲದೇ ಇರೋದು ದಿನಾ ಬೆಳಿಗ್ಗೆ ನನ್ನನ್ನ ಹೇಗೆ ಕೇಳುತ್ತೆ, ಹೇಳಿ?"

"ಮುಖ್ಯ ಭಾಗ ಮಾತ್ರ ಹೋಗಿದೆ," ನೇಡ್ಕೊ ತಗ್ಗಿದ ದನಿಯಲ್ಲಿ ಹೇಳಿದ. "ನೆನಪಿಸೋ ಭಾಗ ಬೇರೆ ಕಡೆ ಅಡಗಿಕೊಂಡು ಉಳಿದಿದೆ."

"ಇದನ್ನ ಮಾರಿದವರು ಯಾರು?" ತಾಬಾಕೊವ್ ಕೇಳಿದ.

"ಶೊಪೊವ್. ಅವನೇ ಮಾಡಿದ್ದು, ಅವನೇ ಹಾಕಿಕೊಟ್ಟಿದ್ದು. ಬಂದು ತೆಗಿ ಅಂತ ಎಷ್ಟು ಸಲ ಕೇಳಿದೆನೋ. 'ಅನ್‌ಇನ್‌ಸ್ಟಾಲ್ ಆಯ್ತಲ್ಲಕ್ಕ, ಅಲ್ಲೇನೂ ಇಲ್ಲ, ಎಲ್ಲ ನಿನ್ನ ತಲೇಲಿದೆ' ಅಂದ. ಕೊನೆಕೊನೆಗೆ ಫೋನೇ ಎತ್ತಲಿಲ್ಲ."

"ಬೇರೆ ಕಂಪ್ಯೂಟರ್ ತರಬಹುದಿತ್ತು."

"ಊರಿನ ಸತ್ತವರೆಲ್ಲ ಇದರಲ್ಲಿದ್ದಾರೆ, ಸಾಹೇಬ್ರೆ. ನಾಳೆ ಯಾರೋ ಬಂದು ನಮ್ಮಪ್ಪನ ನಲವತ್ತನೇ ದಿನ, ಅದೇ ಫೋಟೋ ಹಾಕಿಕೊಡು ಅಂದ್ರೆ ಎಲ್ಲಿಂದ ತರಲಿ?"

ನೇಡ್ಕೊ ಅಡಗಿದ್ದ ಫೋಲ್ಡರನ್ನು ಹುಡುಕಿ ತೆರೆದ. ಅದರಲ್ಲಿ ಎರಡೇ ಹೆಸರುಗಳಿದ್ದವು: ಬಿಲ್ಯಾನಾ ಮತ್ತು ಪ್ಲಾಮೆನ್ ಶೊಪೊವ್. ಶೊಪೊವ್‌ನದರ ತಾರೀಖು ಮೇ ಹದಿಮೂರು.

"ಒಂದೇ ಒಂದು ದಿನಕ್ಕೆ ಪ್ರೋಗ್ರಾಂ ಮತ್ತೆ ಹಾಕಿದೆ," ಎಂದಳು ಎವ್ದೊಕಿಯಾ, ಕೇಳುವ ಮೊದಲೇ. "ಅವನ ಮುಖಕ್ಕೆ ಕಪ್ಪು ಅಂಚು ಹೇಗಿರುತ್ತೆ ಅಂತ ಅವನೂ ಒಂದು ಬೆಳಿಗ್ಗೆ ನೋಡ್ಲಿ ಅಂತ. ಆಮೇಲೆ ಎಲ್ಲ ಅಳಿಸಿದೆ."

"ಇದು ಉಳಿದಿದೆಯಲ್ಲ."

"ಎಲ್ಲಿ ಉಳಿಯುತ್ತೆ ಅಂತ ನನಗೆ ಗೊತ್ತಿದ್ದಿದ್ರೆ ಇದನ್ನೆಲ್ಲ ಯಾಕೆ ಮಾಡ್ತಿದ್ದೆ?"

"ಮಗಳ ಪದ್ಯವನ್ನ ಅವನಿಗ್ಯಾಕೆ ಹಾಕಿದ್ರಿ?"

"ನಾನೆಲ್ಲಿ ಹಾಕಿದೆ?" ತಾಬಾಕೊವ್ ಚೀಲದಲ್ಲಿದ್ದ ಕಾಗದವನ್ನು ತೋರಿಸಿದ. ಎವ್ದೊಕಿಯಾ ಸಾಲುಗಳನ್ನು ಓದಿದಳು. "ಪ್ರೋಗ್ರಾಂ ತಾನಾಗೇ ತುಂಬಿಕೊಂಡಿದೆ. ನಾನು ನೋಡಲಿಲ್ಲ. ದಿನಾ ಓದೋ ಸಾಲು, ಕಣ್ಣಿಗೆ ಬೀಳಲೇ ಇಲ್ಲ." ಆಮೇಲೆ ಕೇಳಿದಳು, "ಅವರಮ್ಮ?"

"ಇನ್ನೂ ಮಾತಿಲ್ಲ."

"ಬಾಗಿಲು ತೆಗೆಯೋದು ಅವನೇ ಅಂದ್ಕೊಂಡಿದ್ದೆ. ತಾಯಿ ಇದ್ದಾಳೆ ಅನ್ನೋದು ನೆನಪಿಗೇ ಬರಲಿಲ್ಲ. ನನಗೆ!"

ಕಂಪ್ಯೂಟರನ್ನು ಜಪ್ತಿ ಮಾಡಿ ಪಂಚನಾಮೆ ಬರೆದಾಯಿತು. ಪಂಚರು ಸಹಿ ಹಾಕಿದರು. ದಸ್ತಗಿರಿಯ ಕಾಗದವನ್ನು ಗಾಲ್ಯಾ ಓದಿ ಹೇಳಿದಳು. ಎವ್ದೊಕಿಯಾ ಕೋಟು ತೊಟ್ಟಳು, ಕಿಟಕಿ ಮುಚ್ಚಿದಳು, ಮತ್ತೆ ಮೇಜಿನ ಹತ್ತಿರ ಬಂದಳು. ಪರದೆಯ ಮೂಲೆಯಲ್ಲಿ ಆ ಚೌಕ ಇನ್ನೂ ಉತ್ತರಕ್ಕೆ ಕಾಯುತ್ತಿತ್ತು.

"ಎಲ್ಲ ಒಪ್ಕೊಂಡಿದ್ದೀನಿ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಈ ಹುಡುಗನಿಗೆ ದಾರಿ ಗೊತ್ತಲ್ಲ. ನನ್ನ ಮಗಳನ್ನ ಅಲ್ಲಿಂದ ತೆಗೆಸಿಬಿಡಿ, ಸಾಹೇಬ್ರೆ. ಸೋಫಿಯಾದಲ್ಲಿ, ಕೋರ್ಟಿನಲ್ಲಿ, ಯಾರ್ಯಾರೋ ಇದನ್ನ ಚಾಲೂ ಮಾಡ್ತಾರೆ. ಪ್ರತಿ ಸಲವೂ ಅವಳು ಎದ್ದು ಬರೋದು ಬೇಡ."

ನೇಡ್ಕೊನ ಬೆರಳು ಮೌಸಿನ ಮೇಲಿತ್ತು. ಎರಡು ಹೆಸರುಗಳೂ ಒಂದೇ ಫೋಲ್ಡರಿನಲ್ಲಿದ್ದವು, ಆ ಫೋಲ್ಡರೇ ಪ್ರಕರಣದ ಸಾಕ್ಷ್ಯವಾಗಿತ್ತು. ಅವನು ಇನ್‌ಸ್ಪೆಕ್ಟರನ ಮುಖ ನೋಡಿದ. ಗಾಲ್ಯಾಳೂ ನೋಡಿದಳು.

ತಾಬಾಕೊವ್ ಕಂಪ್ಯೂಟರಿಗೆ ಮುದ್ರೆ ಹಾಕಲು ಅರಗು ಮತ್ತು ದಾರವನ್ನು ಕೈಗೆತ್ತಿಕೊಂಡ.

"ಇಲ್ಲಮ್ಮ," ಎಂದ. "ಅದನ್ನ ಮುಟ್ಟಿಸಲ್ಲ."