ಅಕ್ಕನ ಟ್ರೊಂಬೋನ್, ಆಚೆ ದಡದ ಕಾಲೇಜು

ಎಳೆದಳು. ಬರಲಿಲ್ಲ. ಟ್ರೊಂಬೋನ್ ಎಂಬ ಆ ಉದ್ದನೆಯ ಹಿತ್ತಾಳೆ ತುತ್ತೂರಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಳು. ಊಹೂಂ, ತುಟಿಯಿಟ್ಟು ಊದುವ ಮೌತ್‌ಪೀಸ್ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಆರ್ಲೆಟ್‌ಗೆ ಬೆವರು ಕಿತ್ತುಕೊಂಡಿತು. ಬೆಳಗ್ಗೆ ಏಳು ಗಂಟೆ. ಅಕ್ಕ ಶೆರೀಸ್ ಸ್ನಾನಕ್ಕೆ ಹೋಗಿದ್ದಳು. ಹತ್ತು ಗಂಟೆಗೆ ಅವಳು ಹೊಳೆಯಾಚೆಯ ಕಾಲೇಜಿನಲ್ಲಿ ಇದೇ ಟ್ರೊಂಬೋನ್ ಊದಿ ತೋರಿಸಬೇಕಿತ್ತು.

ಆರ್ಲೆಟ್ ಮಾಡಿದ್ದು ಇಷ್ಟೇ. ಡ್ರಾಯರಿನಲ್ಲಿ ಅಕ್ಕನ ಹಳೆಯ ಮೌತ್‌ಪೀಸ್ ಬಿದ್ದಿತ್ತು, ಅಂಚು ಮುರಿದದ್ದು. ಅದನ್ನು ಟ್ರೊಂಬೋನಿಗೆ ಸಿಕ್ಕಿಸಿ ಅಂಗೈಯಿಂದ ಬಡಿದರೆ 'ಪೊಂಕ್' ಅಂತ ಸದ್ದು ಬರುತ್ತದೆ. ಶಾಲೆಯ ಬ್ಯಾಂಡಿನ ಮಕ್ಕಳೆಲ್ಲ ಹಾಗೆ ಬಡಿಯುತ್ತಾರೆ, ಬೈಸಿಕೊಳ್ಳುತ್ತಾರೆ. ಒಂದು ಸಲ ಪೊಂಕ್. ಮಜವಾಗಿತ್ತು! ಆಮೇಲೆ ಪೊಂಕ್ ಪೊಂಕ್ ಪೊಂಕ್. ಮುಗಿಯಿತು ಕತೆ. ಮುರುಕು ಮೌತ್‌ಪೀಸ್ ಒಳಗೆ ಕಚ್ಚಿಕೊಂಡು ಕೂತಿತು. ಅಕ್ಕನ ಒಳ್ಳೆಯ ಮೌತ್‌ಪೀಸ್ ಹಾಕಲು ಈಗ ಜಾಗವೇ ಇಲ್ಲ.

ಆ ಕಾಲೇಜು ಮನೆಯಿಂದ ಬರೀ ಅರ್ಧ ಗಂಟೆಯ ದಾರಿ. ಆದರೆ ಹೊಳೆಯ ಈಚೆ ಆರ್ಕನ್ಸಾ, ಆಚೆ ಮಿಸಿಸಿಪ್ಪಿ. ಬೇರೆ ರಾಜ್ಯದವರು ಅಂತ ಫೀಸು ಎರಡು ಪಟ್ಟು. ಮೀನಿನ ಕೆರೆಗಳಲ್ಲಿ ಕೆಲಸ ಮಾಡುವ ಅಪ್ಪ ಅಷ್ಟೆಲ್ಲ ಎಲ್ಲಿಂದ ತರಬೇಕು? ಶೆರೀಸ್‌ಗೋ ಮೀನಿನ ಡಾಕ್ಟರೇ ಆಗಬೇಕು, ಆ ಓದು ಹತ್ತಿರದಲ್ಲಿ ಇರುವುದು ಅಲ್ಲೇ.

ಫೀಸು ಇಳಿಸುವ ದಾರಿ ಹುಡುಕಿ ಮನೆಮಂದಿಯೆಲ್ಲ ಸುಸ್ತಾಗಿದ್ದರು. ಆಚೆ ದಡಕ್ಕೆ ಹೋಗಿ ವರ್ಷಗಟ್ಟಲೆ ಇದ್ದು ದುಡಿದರೆ ಅಲ್ಲಿಯವಳೇ ಆಗಬಹುದು, ಆದರೆ ಓದು ಅಷ್ಟು ತಡ. ಅಜ್ಜಿಯೋ ತಾತನೋ ಅಲ್ಲಿ ಓದಿದ್ದರೆ ರಿಯಾಯಿತಿ ಉಂಟಂತೆ.

"ನಾನಂತೂ ಓದಿಲ್ಲ ಕಣ್ರೇ," ಅಂದಿದ್ದಳು ಅಜ್ಜಿ. "ಅಲ್ಲಿ ಓದಿರೋ ಮುದುಕ ಯಾರಾದ್ರೂ ಇದ್ರೆ ಹೇಳಿ, ಮದುವೆ ಆಗ್ತೀನಿ!"

ಕೊನೆಗೆ ಉಳಿದದ್ದು ಬ್ಯಾಂಡ್. ಕಾಲೇಜಿನ ಬ್ಯಾಂಡಿಗೆ ಆರಿಸಿಕೊಂಡರೆ ಹೊರಗಿನವರಿಗೂ ಆ ರಾಜ್ಯದ ಮಕ್ಕಳ ಫೀಸೇ.

ಬಚ್ಚಲಮನೆಯ ಬಾಗಿಲು ತೆರೆದ ಸದ್ದಾಯಿತು. ಟ್ರೊಂಬೋನನ್ನು ಪೆಟ್ಟಿಗೆಗೆ ತುರುಕಿಬಿಡಲೇ ಅನ್ನಿಸಿತು ಆರ್ಲೆಟ್‌ಗೆ. ಆದರೆ ಮೌತ್‌ಪೀಸ್ ಇದ್ದರೆ ಪೆಟ್ಟಿಗೆ ಮುಚ್ಚುವುದಿಲ್ಲ.

"ಅಕ್ಕಾ... ಬೈಬೇಡ. ಸಿಕ್ಕಿಹಾಕ್ಕೊಂಡ್‌ಬಿಟ್ಟಿದೆ."

ಶೆರೀಸ್ ಬೈಯಲೇ ಇಲ್ಲ. ಒದ್ದೆ ಕೂದಲಲ್ಲೇ ಬಂದು ಹಾಸಿಗೆಯ ಮೇಲೆ ಕುಸಿದಳು. ಬೈದಿದ್ದರೇ ಚೆನ್ನಾಗಿತ್ತು.

"ಅಯ್ಯೋ, ಅಷ್ಟೇ ತಾನೆ?" ಅಂದ ಅಪ್ಪ ಅಡುಗೆಮನೆಯಿಂದ ಬಂದು. "ಇಕ್ಕಳ ತರ್ತೀನಿ. ಒಂದು ತಿರುವು ತಿರುವಿದ್ರೆ ಬರುತ್ತೆ."

"ಇಕ್ಕಳ ಬೇಡಪ್ಪಾ!" ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ಕಿರುಚಿದರು. ತಿರುವಿದರೆ ಕೊಳವೆಯೇ ತಿರುಚಿಹೋಗುತ್ತದೆ, ಬ್ಯಾಂಡಿನವರಿಗೆಲ್ಲ ಅದು ಗೊತ್ತು. ಅದನ್ನು ಬಿಡಿಸುವ ಸಾಧನವೇ ಬೇರೆ. ಅದಿರುವುದು ಶಾಲೆಯ ಬ್ಯಾಂಡ್ ಮೇಷ್ಟ್ರು ಪೆಟ್‌ವೇ ಹತ್ತಿರ.

ಮೇಷ್ಟ್ರ ಮನೆಯ ಮುಂದೆ ಕಾರು ನಿಂತಾಗ ಶೆರೀಸ್ ಇಳಿಯಲಿಲ್ಲ. "ನೀನೇ ಹೋಗು. ನೀನೇ ಹೇಳು," ಅಂದಳು.

ಪೆಟ್‌ವೇ ಮೇಷ್ಟ್ರು ಬಾಯಲ್ಲಿ ಟೂತ್‌ಬ್ರಷ್ ಇಟ್ಟುಕೊಂಡೇ ಬಾಗಿಲು ತೆರೆದರು. ಆರ್ಲೆಟ್ ಟ್ರೊಂಬೋನನ್ನು ಮುಂದೆ ಹಿಡಿದು ಒಂದೇ ಉಸಿರಿಗೆ ಎಲ್ಲ ಒದರಿದಳು.

"ಎಷ್ಟು ಸಲ ಬಡಿದೆ?"

"ಹತ್ತು, ಸರ್."

"ನಿಜ ಹೇಳು."

"...ಇಪ್ಪತ್ತು."

ಮೇಷ್ಟ್ರು ಕಾರಿನ ಡಿಕ್ಕಿಯಿಂದ ತಿರುಪುಗಳಿರುವ ಒಂದು ಕಬ್ಬಿಣದ ಸಾಧನ ತಂದು ಮೌತ್‌ಪೀಸಿಗೆ ಸಿಕ್ಕಿಸಿದರು. ಎರಡೂ ಕಡೆಯ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ಟಕ್! ಮುರುಕು ಮೌತ್‌ಪೀಸ್ ಹೊರಬಂತು.

"ಮೂವತ್ತು ವರ್ಷದಿಂದ ಬಡೀಬೇಡ್ರೋ ಅಂತ ಬಡ್ಕೊಳ್ತಿದೀನಿ," ಅಂದರು. "ಈ ಸಾಧನಕ್ಕೆ ತುಕ್ಕು ಹಿಡಿದಿದೆಯಾ ನೋಡು. ಇಲ್ಲ! ಯಾಕೆ? ನಿನ್ನಂಥವರು ದಿನಾ ಒಬ್ಬರು ಬರ್ತೀರಿ. ಹೂಂ, ಓಡು, ಹೊತ್ತಾಗುತ್ತೆ."

ಸೇತುವೆಯ ಮೇಲೆ ಕಾರು ಓಡಿಸುತ್ತಾ ಅಪ್ಪ ಶುರುಮಾಡಿದ. "ಶೆರೀಸ್, ಅವರು ತಗೊಳ್ಳದಿದ್ರೂ ಚಿಂತೆ ಇಲ್ಲ. ನಮ್ಮ ಕೆರೆ ಮೀನುಗಳಿಗೆ ಊದು. ಕುಣಿದು ಕುಣಿದು ಹಸಿವಾಗಿ ಚೆನ್ನಾಗಿ ತಿಂದು ದಪ್ಪ ಆಗ್ಲಿ."

"ಅಪ್ಪಾ, ಸಾಕು ಮಾಡು!"

ಅಪ್ಪನಿಗೆ ಯಾವುದಕ್ಕೂ ಚಿಂತೆಯೇ ಇಲ್ಲಪ್ಪಾ ಅಂದುಕೊಂಡಳು ಆರ್ಲೆಟ್.

ಕಾಲೇಜಿನ ಮೊಗಸಾಲೆಯಲ್ಲಿ ಇಪ್ಪತ್ತು ಮೂವತ್ತು ಮಕ್ಕಳಿದ್ದರು. ಒಬ್ಬ ಹುಡುಗನನ್ನು ಅವನ ಅಮ್ಮ ರಾತ್ರಿಯಿಡೀ ಬಸ್ಸಿನಲ್ಲಿ ಕರೆತಂದಿದ್ದಳಂತೆ. ಎಲ್ಲರ ತುಟಿಗಳೂ ಸದ್ದಿಲ್ಲದೆ ಅಭ್ಯಾಸ ಮಾಡುತ್ತಿದ್ದವು. ಶೆರೀಸ್‌ಳ ಹೆಸರು ಕರೆದರು. ಬಾಗಿಲು ಮುಚ್ಚಿತು.

ಆರ್ಲೆಟ್ ಬಾಗಿಲಿಗೆ ಕಿವಿ ಹಚ್ಚಿದಳು. ತಗ್ಗಿನ ಸ್ವರ ಬಂತು, ಏರಿತು, ಮೇಲೆ ಹೋಗಿ ಸೀಳಿಹೋಯಿತು. ಆಮೇಲೆ ನಿಶ್ಶಬ್ದ. ಆರ್ಲೆಟ್ ಕಣ್ಣು ಮುಚ್ಚಿಕೊಂಡಳು. ಎಲ್ಲ ನನ್ನಿಂದಲೇ, ನನ್ನಿಂದಲೇ! ಅಷ್ಟರಲ್ಲಿ ಅದೇ ಸ್ವರ ಮತ್ತೆ ಬಂತು. ಈ ಸಲ ಗಟ್ಟಿಯಾಗಿ, ತುಂಬಿಕೊಂಡು, ಗೋಡೆಯೇ ನಡುಗುವ ಹಾಗೆ.

ಹೊರಬಂದ ಶೆರೀಸ್‌ಳ ಮುಖ ಬಿಳಿಚಿಕೊಂಡಿತ್ತು.

"ತಗೊಂಡ್ರು," ಅಂದಳು.

"ಏನು?" ಅಂದ ಅಪ್ಪ.

"ತಗೊಂಡ್ರಪ್ಪಾ! ಇಲ್ಲಿಯವರ ಫೀಸೇ! ಬ್ಯಾಂಡ್ ಬಿಡದಿದ್ರೆ ನಾಲ್ಕು ವರ್ಷವೂ! ಕಾಗದ ಕೊಟ್ಟಿದಾರೆ, ನೋಡು!"

ಆರ್ಲೆಟ್ ಅಕ್ಕನ ಸೊಂಟಕ್ಕೆ ಜೋತುಬಿದ್ದಳು. ಅಪ್ಪ ಕಾಗದವನ್ನು ಓದಿದ. ಮತ್ತೆ ಮೊದಲಿಂದ ಓದಿದ. ಮಡಿಸಿ ಮಗಳ ಕೈಗೆ ಕೊಟ್ಟು, "ನಡೀರಿ, ಹಸಿವಾಗ್ತಿದೆ," ಅಂದ.

ವಾಪಸು ಬರುವಾಗ ಅಪ್ಪ ಹೊಳೆ ದಾಟಿದ ಕೂಡಲೇ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದ. "ಟೈರ್‌ನಲ್ಲಿ ಗಾಳಿ ಕಡಿಮೆ ಆದಂಗಿದೆ," ಅಂತ ಇಳಿದು ಹಿಂದೆ ಹೋದ.

ಮುಂದಿನ ಸೀಟಿನಲ್ಲಿ ಶೆರೀಸ್ ಅಜ್ಜಿಗೆ ಫೋನ್ ಮಾಡಿ ಕಿರುಚುತ್ತಿದ್ದಳು. ಆರ್ಲೆಟ್ ಮೆಲ್ಲಗೆ ಇಳಿದು ಹಿಂದೆ ಹೋದಳು.

ಅಪ್ಪ ಗಾಳಿಯ ಪೈಪು ಹಿಡಿದು ಸುಮ್ಮನೆ ನಿಂತಿದ್ದ. ಬಗ್ಗಿರಲಿಲ್ಲ. ಟೋಪಿಯನ್ನು ಮುಖಕ್ಕೆ ಒತ್ತಿಕೊಂಡಿದ್ದ. ಭುಜಗಳು ಅಲುಗುತ್ತಿದ್ದವು.

"ಅಪ್ಪಾ, ಯಾವ ಟೈ—"

ಇಷ್ಟು ದಿನ ಈ ಚಿಂತೆಯನ್ನೆಲ್ಲ ಒಳಗಿಟ್ಟುಕೊಂಡೇ ಅಪ್ಪ ಅಷ್ಟೆಲ್ಲ ನಗಿಸುತ್ತಿದ್ದನೇ?

ಆರ್ಲೆಟ್ ಅಪ್ಪನ ಕೈಯಿಂದ ಪೈಪು ಬಿಡಿಸಿಕೊಂಡು ಹಿಂದಿನ ಟೈರಿನ ಪಕ್ಕ ಕೂತಳು.

"ನಾಲ್ಕೂ ಟೈರು ನೋಡೋಣ ಅಪ್ಪಾ," ಅಂದಳು, ತಲೆ ಎತ್ತದೆ. "ನಿಧಾನಕ್ಕೆ. ಆತುರ ಏನಿಲ್ಲ."