ಸರ್ಚ್‌ನಲ್ಲಿ ಕಾಣದ ಬೀಗದ ಅಂಗಡಿ

"ನನ್ನ ಅಂಗಡಿ ಎಲ್ರೀ?!"

ಆಫೀಸಿನ ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಅವನು ಕುರ್ಚಿಯಿಂದ ಅರ್ಧ ಎದ್ದ. ಎದುರಿಗೆ ಒಬ್ಬಳು ಹುಡುಗಿ. ಭುಜಕ್ಕೆ ಉಪಕರಣಗಳ ಚೀಲ, ಕೈಯಲ್ಲಿ ಫೋನ್, ಕಣ್ಣಲ್ಲಿ ಕೆಂಡ.

"ನೀವು... ಯಾರು..."

"ಗುರುತು ಸಿಗಲಿಲ್ವಾ? ದಿನಾ ಸಂಜೆ ಫೋನಲ್ಲಿ ಪಾಠ ಹೇಳ್ತಿದ್ರಲ್ಲ, ಅದೇ ಬೀಗದ ಅಂಗಡಿಯವಳು!"

ಓಹ್... ಆ ಧ್ವನಿ! ಇಷ್ಟು ದಿನ ಕಿವಿಯಲ್ಲೇ ಇದ್ದವಳು ಈಗ ಕಣ್ಣೆದುರು ನಿಂತಿದ್ದಾಳೆ. ಅವನ ಮುಖ ಅರಳಿತು. ಪಾಪ, ಅರಳಬಾರದಿತ್ತು.

"ನಗ್ತೀರಾ? ನನ್ನ ಹೊಟ್ಟೆ ಉರೀತಿದೆ, ನಿಮಗೆ ನಗು!"

ಮನೆಯಲ್ಲಿ ಅವಳಿಗೆ ಬೆಂಕಿಪೊಟ್ಟಣ ಅಂತಲೇ ಹೆಸರು. ಹಾಗೆ ಕರೆದರೂ ಉರಿದುಬೀಳುತ್ತಾಳೆ, ಅದು ಬೇರೆ ಮಾತು. ಅಪ್ಪನ ಮಣಿಕಟ್ಟು ಸೋತ ಮೇಲೆ ಬೀಗದ ಅಂಗಡಿ ನಡೆಸುತ್ತಿರುವವಳು ಅವಳೇ. ಆದರೆ ಈಗಿನ ಕಾಲದಲ್ಲಿ ಬೀಗದವರನ್ನು ಬೀದಿ ಸುತ್ತಿ ಹುಡುಕುವವರು ಯಾರು? ಬಾಗಿಲು ಹಾಕಿಕೊಂಡು ಹೊರಗೆ ಸಿಕ್ಕಿಕೊಂಡವರು ಮೊದಲು ತೆಗೆಯುವುದೇ ಫೋನು.

ಅದಕ್ಕೇ ಅವಳು ವೆಬ್‌ಸೈಟ್ ಸರಿಮಾಡುವ ಈ ಮನುಷ್ಯನಿಗೆ ಫೋನ್ ಮಾಡಿದ್ದು.

"ನಿಮ್ಮ ಪುಟದ ತಲೆಬರಹ ಏನಿದೆ ನೋಡಿ. 'ಸ್ವಾಗತ' ಅಂತಿದೆ. ಬೀಗ ಕೆಟ್ಟವರು 'ಸ್ವಾಗತ' ಅಂತ ಹುಡುಕ್ತಾರಾ?" ಅಂದಿದ್ದ ಅವನು ಮೊದಲ ದಿನವೇ.

"ಮತ್ತೇನು ಹುಡುಕ್ತಾರೆ?"

"ನಿಮ್ಮ ಗಿರಾಕಿ ಫೋನಲ್ಲಿ ಏನಂತ ಅಳ್ತಾರೋ ಅದನ್ನೇ! 'ಬಾಗಿಲು ಲಾಕ್ ಆಗಿದೆ, ಕೀ ಒಳಗಿದೆ.' ಅದೇ ಮಾತು ತಲೆಬರಹದಲ್ಲಿರಲಿ. ಒಂದೊಂದು ತೊಂದರೆಗೆ ಒಂದೊಂದು ಪುಟ ಬರೀರಿ. ಬೇರೆಯವರದ್ದು ನಕಲು ಮಾಡ್ಬೇಡಿ, ನಿಮ್ಮ ಕೈ ಕಲಿತದ್ದನ್ನ ಬರೀರಿ. ಫೋಟೋ ಚಿಕ್ಕದು ಮಾಡಿ. ಹೊರಗೆ ನಿಂತವರ ಫೋನಲ್ಲಿ ಚಾರ್ಜೂ ಇರಲ್ಲ, ತಾಳ್ಮೆಯೂ ಇರಲ್ಲ."

ಎಷ್ಟು ಸಲ ಸಿಡಿದರೂ ಆ ಧ್ವನಿ ಸಿಡುಕಲಿಲ್ಲ. ಸಂಜೆಯಾದರೆ ಅವಳ ಕಣ್ಣು ಫೋನಿನ ಕಡೆ ಹೋಗುವುದು ರೂಢಿಯಾಯಿತು. *ಯಾಕೋ ಇವನ ಮಾತು ಮುಗಿಯೋದೇ ಬೇಡ ಅನ್ಸುತ್ತೆ...* ಅಂದುಕೊಂಡು ತನ್ನ ಮೇಲೇ ಸಿಟ್ಟು ಮಾಡಿಕೊಂಡಿದ್ದಳು.

ಹೊಸ ವೆಬ್‌ಸೈಟ್ ಬಂತು. ಗಿರಾಕಿಗಳೂ ಬಂದರು. ಆಮೇಲೆ ಇದ್ದಕ್ಕಿದ್ದಂತೆ ಅಂಗಡಿಗೆ ಫೋನ್ ಬರುವುದೇ ನಿಂತುಹೋಯಿತು! ಸರ್ಚ್ ಮಾಡಿದರೆ ಅವಳ ಅಂಗಡಿಯ ಸುಳಿವೇ ಇಲ್ಲ. ಎಲ್ಲರಿಗಿಂತ ಮೇಲೆ ಬೀದಿ ಮೂಲೆಯ ಇನ್ನೊಂದು ಬೀಗದ ಅಂಗಡಿಯವನು ಕೂತಿದ್ದ, ಗಿರಾಕಿಗಳಿಗೆ ಟೋಪಿ ಹಾಕುವವನು. ಅವನ ಪುಟದ ಅಡಿಯಲ್ಲಿ 'ವೆಬ್‌ಸೈಟ್ ಮಾಡಿದವರು' ಅಂತ ಇದೇ ಮನುಷ್ಯನ ಹೆಸರು!

"ಈ ತಿಂಗಳೂ ಹೀಗೇ ಆದ್ರೆ ಅಂಗಡಿ ಮುಚ್ಚಿಬಿಡೋಣ ಮಗಳೇ. ನೀನು ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋ," ಅಂದಿದ್ದರು ಅಪ್ಪ ಇವತ್ತು ಬೆಳಗ್ಗೆ. ಅಷ್ಟು ಸಾಕಾಗಿತ್ತು.

"ಅವನ ಹತ್ರ ಎಷ್ಟು ತಗೊಂಡು ನನ್ನ ಅಂಗಡಿ ಅಳಿಸಿದ್ರಿ? ಹೇಳಿ!"

"ಅವರ ಕೆಲಸ ಮಾಡಿದ್ದು ಹೋದ ವರ್ಷ ರೀ. ಸುಳ್ಳು ಹೊಗಳಿಕೆ ಬರೆಸಿ ಹಾಕು ಅಂದ್ರು, ಬಿಟ್ಟುಬಂದೆ. ಒಂದು ನಿಮಿಷ ಕೂತ್ಕೊಳ್ಳಿ, ನೋಡ್ತೀನಿ..."

"ಕೂರಲ್ಲ!"

ಅವನು ಅವಳ ವೆಬ್‌ಸೈಟಿನ ಒಳಗೆ ಹೋಗಿ ಹುಡುಕಿದ. ಒಂದು ಕಡೆ ಅವನ ಬೆರಳು ನಿಂತಿತು. ಅವಳ ಮುಖವನ್ನೊಮ್ಮೆ ನೋಡಿದ. ಕೋಪದ ಹಿಂದೆಯೇ ತುಟಿ ನಡುಗುತ್ತಿತ್ತು.

"'ಸರ್ಚ್‌ನಲ್ಲಿ ತೋರಿಸಬೇಡ' ಅನ್ನೋ ಕಡೆ ಟಿಕ್ ಬಿದ್ದಿದೆ. ಸೈಟ್ ಕಟ್ಟುವಾಗ ಹಾಕಿ, ಆಮೇಲೆ ತೆಗೀಬೇಕು." ಅವನು ತಲೆ ತಗ್ಗಿಸಿದ. "ತಪ್ಪು ನಂದೇ. ಈಗ ತೆಗೆದಿದೀನಿ. ಮತ್ತೆ ಕಾಣ್ಸೋಕೆ ಸ್ವಲ್ಪ ದಿನ ಬೇಕು."

"ಒಂದು ಟಿಕ್ಕಾ?! ನಮ್ಮಪ್ಪ ಅಂಗಡಿ ಮುಚ್ಚೋಕೆ ಹೊರಟಿದಾರೆ... ಇನ್ಮೇಲೆ ನಂಗೆ ಫೋನ್ ಮಾಡಿದ್ರೆ ನೋಡಿ!"

ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಟಳು. ಏನೋ ಮುರಿದ ಸದ್ದಾಯಿತು. ಅದು ಏನು ಮುರಿದ ಸದ್ದು ಅಂತ ಬೀಗದವಳಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ತಿರುಗಿ ನೋಡಲಿಲ್ಲ.

ಅಂಗಡಿಗೆ ಬಂದು ಅಪ್ಪ, ಚಿಕ್ಕಮ್ಮನ ಮುಂದೆ ಎಲ್ಲವನ್ನೂ ಕಾರಿಕೊಂಡಳು.

ಚಿಕ್ಕಮ್ಮ ಹುಬ್ಬು ಗಂಟಿಕ್ಕಿದರು. "ಟಿಕ್ಕಾ? ಅವತ್ತು ನೀನೇ ಏನೋ ಟಿಕ್ ಮಾಡ್ದೆಯಲ್ಲೇ! ವೆಬ್‌ಸೈಟಲ್ಲಿ ನೀನು ಸುತ್ತಿಗೆ ಹಿಡ್ಕೊಂಡಿರೋ ಫೋಟೋ ಲೋಕಕ್ಕೆಲ್ಲ ತೋರಿಸ್ಬೇಕಾ ಅಂತ ನಾನಂದಿದ್ದಕ್ಕೆ, 'ತೋರಿಸಲ್ಲ ಬಿಡಿ' ಅಂತ ಕುಟ್ಟಿದೆಯಲ್ಲ?"

ಅವಳ ಕೈಯಲ್ಲಿದ್ದ ಕೀ ಉಜ್ಜುವ ಅರ ಬೆಂಚಿನ ಮೇಲೆ ಬಿತ್ತು.

ಹೌದು... ಚಿಕ್ಕಮ್ಮನ ಮೇಲಿನ ಸಿಟ್ಟಿಗೆ, 'ತೋರಿಸಬೇಡ' ಅನ್ನುವುದು ಕಂಡದ್ದೇ ತಡ, ಅದು ಫೋಟೋಗೋ ಇಡೀ ಅಂಗಡಿಗೋ ಅಂತ ಓದದೇ ಒತ್ತಿದ್ದಳು. ಫೋಟೋ ಹೋಗಲಿಲ್ಲ. ಇನ್ನಷ್ಟು ಸಿಟ್ಟು ಬಂದು ಅಲ್ಲಿಗೇ ಬಿಟ್ಟಿದ್ದಳು!

*ಮೊದಲು ಗಿರಾಕಿಗಳು ಬಂದಿದ್ರಲ್ಲ, ಅಂದ್ರೆ ಅವನು ಟಿಕ್ ಆಗಲೇ ತೆಗೆದಿದ್ದ. ಅವನಿಗೆ ಗೊತ್ತಾಗಿತ್ತು. ಗೊತ್ತಿದ್ದೂ ನಂದೇ ಅಂದ... ಯಾಕೆ? ಯಾರು ಕೇಳಿದ್ರು ಇವನ ದೊಡ್ಡತನವನ್ನ?!*

ಕ್ಷಮೆ ಕೇಳಲು ಫೋನ್ ಎತ್ತಿದಳು, ಇಟ್ಟಳು. ಮರುದಿನವೂ ಅದೇ. ಸಂಜೆಗಳು ಬಿಕೋ ಅನ್ನುತ್ತಿದ್ದವು. ಅಂಗಡಿಯ ಫೋನೂ ಸುಮ್ಮನಿತ್ತು. ಅಪ್ಪ ಹಳೆಯ ಬೀಗಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬತೊಡಗಿದ್ದರು. ಅದನ್ನು ನೋಡಲಾರದೆ ಅವಳು ಬೆನ್ನು ತಿರುಗಿಸಿ ಕೂರುತ್ತಿದ್ದಳು.

ಆ ವಾರದ ಕೊನೆಗೆ, ಟ್ರಿಣ್... ಟ್ರಿಣ್...

"ಎತ್ತೇ!" ಅಪ್ಪನ ಕೈ ಪೆಟ್ಟಿಗೆಯ ಮೇಲೇ ನಿಂತಿತು.

"ಹಲೋ... ಬೀಗದ ಅಂಗಡಿ."

"ನಮ್ಮ ಆಫೀಸಿನ ಬಾಗಿಲ ಲಾಕ್ ಮುರಿದಿದೆ. ಸರ್ಚ್ ಮಾಡಿದೆ. ಮೊದಲು ನಿಮ್ಮದೇ ಬಂತು."

ಆ ಧ್ವನಿ! ಅವಳು ಉಪಕರಣಗಳ ಚೀಲ ಎಳೆದುಕೊಂಡಳು.

ಹೋಗಿ ನೋಡಿದರೆ ಬಾಗಿಲಿಗೆ ಹಳೆಯ ಮೌಸಿನ ವೈರು ಸುತ್ತಿ ಕಟ್ಟಿತ್ತು.

"ಅವತ್ತಿಂದ ಹೀಗೇ ಇದ್ಯಾ? ಬೇರೆ ಯಾರನ್ನೂ ಕರೀಲಿಲ್ವಾ?"

"ದಿನಾ ಬೆಳಗ್ಗೆ ಹುಡುಕ್ತಿದ್ದೆ. ನಿಮ್ಮ ಅಂಗಡಿ ಕಾಣ್ಸೋವರೆಗೂ ರಿಪೇರಿ ಮಾಡಿಸಲ್ಲ ಅಂತ..."

"ತಲೆ ಕೆಟ್ಟಿದ್ಯಾ ನಿಮಗೆ? ಕಳ್ಳ ಬಂದಿದ್ರೆ?!" ಬಾಗಿಲ ಮುಂದೆ ಮಂಡಿಯೂರಿ ಸ್ಕ್ರೂ ಬಿಚ್ಚತೊಡಗಿದಳು. ಅವನ ಮುಖ ನೋಡುವ ಧೈರ್ಯವಿರಲಿಲ್ಲ. "ಸುತ್ತಿಗೆ ಫೋಟೋ ಮುಚ್ಚೋಕೆ ಹೋಗಿ ಆ ಟಿಕ್ ಹಾಕಿದ್ದು ನಾನು. ನಿಮಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ?"

"ಇನ್ನೊಂದು ಮಾತಾಡಿದ್ರೆ ನೀವು ಅತ್ತುಬಿಡ್ತಿದ್ರಿ. ನಿಮ್ಮ ಕೋಪ ನಾನು ತಡ್ಕೋತೀನಿ. ಅಳು... ಆಗಲ್ಲ."

ಸ್ಕ್ರೂ ಕೈಜಾರಿ ಎಲ್ಲೋ ಉರುಳಿತು. ಕಣ್ಣು ಮಂಜಾಗಿ ಅವಳಿಗೆ ಕಾಣಲೇ ಇಲ್ಲ.

"ಇನ್ನೊಂದ್ಸಲ ನನ್ನ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರೆ ಸುಮ್ನಿರಲ್ಲ! ನಂಗೆ... ನೀವು ಬೇಕು. ಸಂಜೆ ಆದ್ರೆ ಕಿವಿ ನಿಮ್ಮನ್ನೇ ಕೇಳುತ್ತೆ. ಕ್ಷಮಿಸ್ತೀರಾ?"

ಅವನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಸ್ಕ್ರೂ ಹುಡುಕಿ ಅವಳ ಅಂಗೈಯಲ್ಲಿಟ್ಟ. ಕೈ ಹಿಂದೆ ತೆಗೆಯಲಿಲ್ಲ.

"ನಂಗೂ ನೀವೇ ಬೇಕು. ಕೋಪದ ಸಮೇತ."

ಅವಳ ಫೋನ್ ಹೊಡೆದುಕೊಂಡಿತು. ಅಪ್ಪ! "ಬೇಗ ಬಾರೇ! ಗಿರಾಕಿಗಳ ಮೇಲೆ ಗಿರಾಕಿಗಳು ಫೋನ್ ಮಾಡ್ತಿದಾರೆ. ಪೆಟ್ಟಿಗೆಯಿಂದ ಬೀಗ ಎಲ್ಲ ವಾಪಸ್ ತೆಗೀತಿದೀನಿ!"

ಅಳುತ್ತಲೇ ನಕ್ಕುಬಿಟ್ಟಳು. ಬಾಗಿಲು ಸರಿಯಾಯಿತು. ಈ ಸಲ ಮೆಲ್ಲಗೆ ಹಾಕಿ, ಮೆಲ್ಲಗೆ ತೆಗೆದು ನೋಡಿದಳು.

"ಆ ಸುತ್ತಿಗೆ ಫೋಟೋ ತೆಗೆದುಬಿಡ್ಲಾ?" ಅಂದ ಅವನು.

"ಬೇಡ! ಇನ್ನೂ ದೊಡ್ಡದು ಮಾಡಿ."

"ದೊಡ್ಡದು ಮಾಡಿದ್ರೆ ಪುಟ ತೆರೆಯೋಕೆ ಹೊತ್ತಾಗುತ್ತೆ ರೀ..."

"ಮತ್ತೆ ಪಾಠ!" ಅಂತ ಗದರಿಸಿ ಚೀಲ ಭುಜಕ್ಕೇರಿಸಿದಳು.

"ಸಂಜೆ ಫೋನ್ ಮಾಡ್ಲಾ?"

"ಫೋನ್ ಯಾಕೆ? ಅಂಗಡಿಗೇ ಬನ್ನಿ."

"ಎಲ್ಲಿದೆ ನಿಮ್ಮ ಅಂಗಡಿ?" ಅವನು ಬೇಕೆಂದೇ ಕೇಳಿದ.

ಅವಳು ಮೆಟ್ಟಿಲ ಬಳಿ ನಿಂತು ತಿರುಗಿದಳು.

"ಹುಡುಕಿ," ಅಂದಳು ಮೆಲ್ಲಗೆ. "ಈಗ ಕಾಣ್ಸುತ್ತೆ."