ಬಲೆಕೋಣೆಯ ಟಾರ್ಚು

ಬಲೆಕೋಣೆಯಲ್ಲಿ ತಗಡಿನ ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಒಳಗೆ ಹಳೆಯ ಪಂಚೆಯೊಂದು ಮುದುಡಿ ಬಿದ್ದಿತ್ತು. ಪಂಚೆಯಲ್ಲಿ ಸುತ್ತಿಟ್ಟಿದ್ದ ಜಿಪಿಎಸ್ ಮಾತ್ರ ಇರಲಿಲ್ಲ.

"ಮಾಸ್ತಕ್ಕ, ಇದನ್ನ ನೀವೇ ಎಲ್ಲಾದ್ರೂ ತೆಗೆದಿಟ್ರಾ?"

ಕೇಳಿದವಳು ಪ್ರಿಯಂವದಾ. ಕುಮಟೆಯಿಂದ ಭಟ್ಕಳದವರೆಗೆ ದೋಣಿಗಳ ವೈರ್‌ಲೆಸ್ಸು, ಜಿಪಿಎಸ್ಸು, ದೀಪ, ಬ್ಯಾಟರಿ ಏನು ಕೆಟ್ಟರೂ ಇವಳಿಗೇ ಫೋನು. ಅಂದು ಜುಲೈ ಮೂವತ್ತೊಂದು. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು, ಮರುದಿನ ತೆಂಗಿನಗುಂಡಿಯ ದೋಣಿಗಳೆಲ್ಲ ನೀರಿಗಿಳಿಯಬೇಕು. ಮಾಸ್ತಮ್ಮನ ದೋಣಿಗೆ ಜಿಪಿಎಸ್ ಕೂಡಿಸಲೆಂದು ಅವಳು ಬೆಳಗಿನ ಬಸ್ಸಿಗೆ ಬಂದಿದ್ದಳು.

ಕೆಲಸಕ್ಕೆ ರಜೆ ಹಾಕಿ ಆಗಷ್ಟೇ ನೆರವಿಗೆ ಬಂದು ಅಡುಗೆಮನೆಯಲ್ಲಿ ಬಂಗಡೆ ಕೊಯ್ಯುತ್ತಿದ್ದ ನೆರೆಮನೆಯ ಜಯಶ್ರೀ ಕೈ ತೊಳೆದು ಹಿತ್ತಲಿಗೆ ಓಡಿದಳು. ಮಾಸ್ತಮ್ಮ ಆಗಲೇ ಬಲೆಕೋಣೆಯ ಹೊಸ್ತಿಲ ಮೇಲೆ ಕುಸಿದು ಕುಳಿತಿದ್ದಳು.

ಮಷೀನು ಬೇಕೆಂದರೆ ಭಟ್ಕಳದ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಅದರ ಹೊಟ್ಟೆಯಲ್ಲಿದ್ದವು ಸಿಗುವುದಿಲ್ಲ. ಯಾವ ಜಾಗದಲ್ಲಿ ಮೀನು ಕೂಡುತ್ತದೆ, ಎಲ್ಲಿ ನೀರಿನಡಿ ಕಲ್ಲಿದೆ ಎಂದು ಮಾಸ್ತಮ್ಮನ ಗಂಡ ಇಪ್ಪತ್ತೆರಡು ವರ್ಷ ಸಮುದ್ರ ಸುತ್ತಿ ಅಕ್ಷಾಂಶ-ರೇಖಾಂಶದ ಅಂಕಿಗಳಲ್ಲಿ ಗುರುತು ಹಾಕಿಟ್ಟ ಪಾಯಿಂಟುಗಳು ಅವು. ದೋಣಿ ನಡೆಸುವ ತಾಂಡೇಲ ತನ್ನ ಪಾಯಿಂಟುಗಳನ್ನು ಒಡಹುಟ್ಟಿದವನಿಗೂ ತೋರಿಸುವುದಿಲ್ಲ. ಗಂಡ ತೀರಿಕೊಂಡ ಮೇಲೆ ಮಾಸ್ತಮ್ಮ ಮೈಮೇಲಿನ ಚಿನ್ನಕ್ಕಿಂತ ಹೆಚ್ಚಾಗಿ ಕಾದದ್ದು ಅದನ್ನು.

ಬಲೆಕೋಣೆಗೆ ಕಿಟಕಿಯಿದ್ದರೂ ಇಲ್ಲದ ಹಾಗೆ. ಮಳೆಗಾಲಕ್ಕೆಂದು ಹಲಗೆ ಬಡಿದಿತ್ತು, ಜೂನ್ ಗಾಳಿಗೆ ಹರಿದ ಕರೆಂಟಿನ ತಂತಿಯನ್ನು ಯಾರೂ ಕಟ್ಟಿರಲಿಲ್ಲ. ನಡುಮಧ್ಯಾಹ್ನವೂ ಒಳಗೆ ಕೈಯಿಟ್ಟರೆ ಕೈ ಕಾಣದು. ಪ್ರಿಯಂವದಾ ಪೆಟ್ಟಿಗೆಗೆ ಹಿಡಿದಿದ್ದ ಮೊಬೈಲಿನ ಬೆಳಕನ್ನು ತಿರುಗಿಸಿ ನೆಲ ನೋಡುತ್ತ ಹೋದಳು. ಬಲೆಯ ಅಂಚಿನಡಿ ಏನೋ ಮಿನುಗಿತು. ಅಂಗೈಯಲ್ಲಿ ಅಡಗುವಂಥ ಕಪ್ಪು ಎಲ್‌ಇಡಿ ಟಾರ್ಚು. ಬೆನ್ನ ಮೇಲೆ ಮೊಳೆಯಿಂದ ಗೀಚಿದ ಅಕ್ಷರ: 'ವಿ'.

ಜಯಶ್ರೀ ಕಂಡಕೂಡಲೇ ಗುರುತಿಸಿದಳು. ಅದು ಅವಳ ಅಣ್ಣ ವಿಶಾಲನ ಟಾರ್ಚು.

ನಾಳೆ ಮೊದಲ ಬಾರಿಗೆ ತಾಂಡೇಲನಾಗಿ ಮಾಸ್ತಮ್ಮನ ದೋಣಿ ಹತ್ತಬೇಕಾದವನು ಅವನು. ಹದಿನಾರಕ್ಕೆ ಬಲೆ ಹಿಡಿದವನು, ಹದಿಮೂರು ವರ್ಷ ಕಾದು ಗಳಿಸಿದ ಜಾಗ. ಕಳ್ಳ ಎಂಬ ಹೆಸರು ಒಮ್ಮೆ ಅಂಟಿತೆಂದರೆ ಈ ತೀರದಲ್ಲಿ ಯಾರೂ ಅವನ ಕೈಗೆ ದೋಣಿ ಕೊಡುವುದಿಲ್ಲ. ಅದನ್ನು ಜಯಶ್ರೀಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಭಾಸ್ಕರ ಬರುವಷ್ಟರಲ್ಲಿ ಹಿತ್ತಲು ತುಂಬ ಜನ. ಊರ ಬಾಯಿಗೆ ಮುಚ್ಚಳವಿಲ್ಲ ನೋಡಿ. ವಿಶಾಲನನ್ನು ದಡದಿಂದ ಕರೆಸಿದರು. ದೋಣಿಗೆ ಬಣ್ಣ ಬಳಿಯುತ್ತಿದ್ದವನು ಬನಿಯನ್ನಿನಲ್ಲೇ ಬಂದು ನಿಂತ.

ಬೆಳಗಿನಿಂದ ದಡದಲ್ಲೇ ಇದ್ದೆ ಎಂದ. ಜತೆಗಿದ್ದವರು ಒಂಬತ್ತೂವರೆಗೆ ಚಾ ಕುಡಿಯಲು ಹೋದರು, ಅರ್ಧ ತಾಸು ತಾನೊಬ್ಬನೇ ಇದ್ದೆ ಎಂದೂ ತಾನಾಗಿಯೇ ಹೇಳಿದ. ಅಂಗಿ ಕಳಚಿ ದಡದ ಬೇಲಿಗೆ ನೇತುಹಾಕಿದ್ದ. ಟಾರ್ಚು ಅದರ ಜೇಬಿನಲ್ಲಿತ್ತು.

"ಬಲೆಕೋಣೆ ಕೀಲಿ ಎಲ್ಲಿರ್ತದೆ?" ಭಾಸ್ಕರ ಕೇಳಿದ.

"ಅಡುಗೆಮನೆ ಬಾಗಿಲ ಹಿಂದೆ, ಮೊಳೆಗೆ," ಎಂದ ವಿಶಾಲ.

"ಅದು ಯಾರಿಗೆ ಗುತ್ತು?"

"ಈ ಮನೇಲಿ ಚಾ ಕುಡಿದೋರಿಗೆಲ್ಲ ಗುತ್ತು, ಸರ್."

ಆಗ ಮುಂದೆ ಬಂದವನು ಅನೂಪ. ಮಾಸ್ತಮ್ಮನ ತಮ್ಮನ ಮಗ. ಈ ಸಲ ಹೊನ್ನಾವರದಲ್ಲಿ ಪಾಲುದಾರಿಕೆಯಲ್ಲಿ ಹೊಸ ದೋಣಿ ಮಾಡಿದ್ದ. ಅತ್ತೆಯ ಆಶೀರ್ವಾದ ಕೇಳಲು ಬೆಳಿಗ್ಗೆ ಸ್ಕೂಟರಿನಲ್ಲಿ ಬಂದವನು, ಅತ್ತೆಯ ಬೆನ್ನ ಹಿಂದೆಯೇ ನಿಂತು ಅವಳಿಗೆ ಗಾಳಿ ಬೀಸುತ್ತಿದ್ದ. ಇಷ್ಟೊತ್ತು ಬಾಯಿ ಬಿಡಬಾರದೆಂದಿದ್ದೆ, ಆದರೆ ಅತ್ತೆಯ ಮುಖ ನೋಡಲಾಗುತ್ತಿಲ್ಲ ಎಂದ.

"ನಾ ಕಂಡೆ ಸರ್. ಒಂಬತ್ತೂಮುಕ್ಕಾಲು ಹೊತ್ತಿಗೆ ಹಿತ್ತಲಿಗೆ ಹೋಗಿದ್ದೆ. ಬಲೆಕೋಣೆ ಬಾಗಿಲ ಸಂದೀಲಿ ಬೆಳಕು ಕಂಡಿತು. ಇಣುಕಿದ್ರೆ ವಿಶಾಲ. ಟಾರ್ಚು ಹಿಡ್ಕೊಂಡು ಪೆಟ್ಟಿಗೆ ಮುಂದೆ ಕೂತಿದ್ದ. ನಾಳೆ ಹೋಗೂ ಸಾಮಾನು ತೆಗೀತಾ ಇದ್ದಾನೆ ಅಂದ್ಕೊಂಡೆ."

"ಸುಳ್ಳು," ಎಂದ ವಿಶಾಲ.

ನಾಳೆ ಹೇಗೂ ಕೈಗೆ ಬರುವುದನ್ನು ಇವತ್ತು ಏಕೆ ಕದಿಯುತ್ತಾನೆ? ಭಾಸ್ಕರನಿಗೂ ಆ ಪ್ರಶ್ನೆ ಬಂತು. ಅದಕ್ಕೂ ಅನೂಪನ ಬಳಿ ಉತ್ತರವಿತ್ತು. ಹೊನ್ನಾವರದ ದೋಣಿಯವರು ವಿಶಾಲನನ್ನು ತಾಂಡೇಲನಾಗಿ ಬಾ ಎಂದು ಮೂರು ಸಲ ಕರೆದಿದ್ದಾರೆ, ಪಾಯಿಂಟು ಅವರಿಗೇ ಕೊಡಲು, ಬೇಕಾದರೆ ಕೇಳಿ ಎಂದ. ವಿಶಾಲ ತಲೆ ತಗ್ಗಿಸಿದ. ಕರೆದದ್ದು ನಿಜ, ಒಲ್ಲೆ ಎಂದದ್ದೂ ನಿಜ, ಮಾಸ್ತಮ್ಮನಿಗೆ ಹೇಳದೇ ಇದ್ದದ್ದೂ ನಿಜ.

"ನಂಗೆ ಯಾಕೆ ಹೇಳ್ಲಿಲ್ಲ?" ಮಾಸ್ತಮ್ಮ ನಿಧಾನವಾಗಿ ಕೇಳಿದಳು. ಉತ್ತರಕ್ಕೆ ಕಾಯಲೂ ಇಲ್ಲ. "ನನ್ನ ಅನ್ನ ತಿಂದ ಕೈ ಅದು. ಕರ್ಕೊಂಡ್ಹೋಗಿ ಸರ್."

ಜಯಶ್ರೀ ಗುಂಪನ್ನು ಸರಿಸಿ ಅಣ್ಣನ ಪಕ್ಕಕ್ಕೆ ಹೋಗಿ ನಿಂತಳು.

ಪ್ರಿಯಂವದಾ ಮಾತ್ರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಭಾಸ್ಕರನ ಕೈಯ ಟಾರ್ಚು ನೋಡುತ್ತಿದ್ದಳು. ಅವನು ಗುಂಡಿಯನ್ನು ಎರಡು ಮೂರು ಸಲ ಒತ್ತಿದ್ದ. ಅದು ಹೊತ್ತಿರಲಿಲ್ಲ.

"ಹೆದರಿ ಹಾಗೇ ಬಿಟ್ಟು ಓಡಿದ್ದಾನೆ. ಉರಿದು ಉರಿದು ಚಾರ್ಜು ಖಾಲಿ ಆಗಿದ್ದು," ಎಂದ ಅನೂಪ.

"ನೀ ನೋಡ್ದಾಗ ಉರೀತಾ ಇತ್ತಾ?" ಪ್ರಿಯಂವದಾ ಮೊದಲ ಬಾರಿ ಅವನತ್ತ ತಿರುಗಿದಳು.

"ಹೌದು."

"ಇದೇ ಟಾರ್ಚಾ? ಮೊಬೈಲ್ ಬೆಳಕು ಇರ್ಬಹುದಲ್ಲ?"

"ಇದೇ. ಚುಚ್ಚೂ ಹಾಂಗಿನ ಬಿಳಿ ಬೆಳಕು. ಆ ಬೆಳಕಲ್ಲೇ ಇವ್ನ ಮುಖ ಕಂಡದ್ದು."

"ಖಾತ್ರಿ?"

"ದೇವರಾಣೆ."

ಪ್ರಿಯಂವದಾ ತನ್ನ ಸಾಮಾನಿನ ಚೀಲದಿಂದ ಮೀಟರು ತೆಗೆದಳು. ಟಾರ್ಚಿನ ಬಾಲ ತಿರುಗಿಸಿ ಸೆಲ್ಲನ್ನು ಹೊರಗೆಳೆದು, ಎರಡೂ ತುದಿಗೆ ತಂತಿ ಮುಟ್ಟಿಸಿದಳು. ನಾಲ್ಕು ಪಾಯಿಂಟ್ ಒಂದು ವೋಲ್ಟ್. ಖಾಲಿಯಾಗುವುದಿರಲಿ, ಸೆಲ್ ತುಂಬಿ ತುಳುಕುತ್ತಿತ್ತು.

"ವಿಶಾಲ, ಈ ಸೆಲ್ ಯಾವಾಗ ಹಾಕಿದ್ದು?"

"ಇದು ನಂದಲ್ಲ, ಪ್ರಿಯಕ್ಕ. ನಂದು ಹಳೇದು. ಹತ್ತು ನಿಮಿಷಕ್ಕೆ ಮಂಕಾಗ್ತದೆ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಈಗ ಸೆಲ್ಲೂ ತನ್ನದಲ್ಲ ಅನ್ನುತ್ತಾನಲ್ಲ! ಹೇಳಿದರೆ ಕಳ್ಳತನಕ್ಕೆ ಅಣ್ಣನ ಟಾರ್ಚು ಸಜ್ಜುಮಾಡಿಕೊಟ್ಟವಳು ಜಯಶ್ರೀಯೇ ಎಂದಾಗುತ್ತದೆ. ಹೇಳದಿದ್ದರೆ ಅಣ್ಣ ಸುಳ್ಳುಗಾರನಾಗುತ್ತಾನೆ.

"ನಾ ಹಾಕಿದ್ದು," ಎಂದಳು.

ನಡೆದದ್ದನ್ನು ತೊದಲುತ್ತ ಹೇಳಿದಳು. ಹೊನ್ನಾವರದ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಅಣ್ಣ ಮೊದಲ ಸಲ ತಾಂಡೇಲನಾಗಿ ಹೋಗುವಾಗ ಟಾರ್ಚು ಕೈಕೊಡಬಾರದೆಂದು, ಮೊನ್ನೆ ಸಂಜೆ ಬಸ್ ಸ್ಟ್ಯಾಂಡಿನ ಬಳಿ ಹೊಸ ಸೆಲ್ ಕೊಂಡಿದ್ದಳು. ಹಳೆಯದರ ಉದ್ದ, ದಪ್ಪ ಮನಸ್ಸಿನಲ್ಲಿಟ್ಟುಕೊಂಡು, ಬಳೆ ಅಂಗಡಿಯಲ್ಲಿ ಬಳೆ ಆರಿಸಿದ ಹಾಗೆ ಆರಿಸಿದ್ದು. ನಿನ್ನೆ ರಾತ್ರಿ ಚಾರ್ಜಿಗಿಟ್ಟಳು. ಇವತ್ತು ಬೆಳಿಗ್ಗೆ ಆರಕ್ಕೆ ಅಣ್ಣ ಏಳುವ ಮೊದಲೇ ಬದಲಿಸಿ, ಅವನು ಮಗ್ಗುಲು ಹೊರಳಿದ ಸದ್ದಿಗೆ ಹೊತ್ತಿಸಿಯೂ ನೋಡದೆ ಜೇಬಿಗೆ ತುರುಕಿದಳು. ಸಮುದ್ರಕ್ಕೆ ಹೋದ ಮೇಲೆ ಗೊತ್ತಾಗಲಿ, ಖುಷಿಪಡಲಿ ಎಂದು ಯಾರಿಗೂ ಹೇಳಿರಲಿಲ್ಲ.

"ಹಳೇ ಸೆಲ್ ಎಲ್ಲಿ?"

ಅದು ಅವಳ ಪರ್ಸಿನಲ್ಲೇ ಇತ್ತು. ಇಂಥವನ್ನು ಕಸಕ್ಕೆ ಎಸೆಯಬಾರದು, ಲ್ಯಾಬಿನ ಡಬ್ಬಿಗೆ ಹಾಕೋಣ ಎಂದು ಕಾಗದದಲ್ಲಿ ಸುತ್ತಿಟ್ಟಿದ್ದಳು. ಪ್ರಿಯಂವದಾ ಎರಡೂ ಸೆಲ್ಲುಗಳನ್ನು ಅಂಗೈಯಲ್ಲಿ ನಿಲ್ಲಿಸಿ ಭಾಸ್ಕರನ ಕಣ್ಣೆದುರು ಹಿಡಿದಳು.

"ನೋಡಿ ಸರ್, ಹಳೇದರ ತಲೆ ಮೇಲೆ ಮೂಗುಬೊಟ್ಟಿನ ಹಾಂಗೆ ಉಬ್ಬು ಇದ್ದು. ಹೊಸದರ ತಲೆ ಚಪ್ಪಟೆ. ಈಗ ಟಾರ್ಚಿನ ಒಳಗೆ ನೋಡಿ. ನಡುವಿನ ಲೋಹದ ಸುತ್ತ ಪ್ಲಾಸ್ಟಿಕ್ ಬಳೆ ಉಂಟು. ಯಾರಾದ್ರೂ ಸೆಲ್ ತಿರುಗುಮುರುಗು ಹಾಕಿದ್ರೆ ಸುಟ್ಟುಹೋಗಬಾರ್ದು ಅಂತ ಕಂಪನಿಯವ್ರೇ ಮಾಡಿದ್ದು. ಉಬ್ಬು ಇದ್ರೆ ಮಾತ್ರ ಬಳೆಯೊಳಗೆ ಹೋಗಿ ಲೋಹಕ್ಕೆ ಮುಟ್ತದೆ. ಚಪ್ಪಟೆ ತಲೆ ಬಳೆ ಮೇಲೇ ಕೂತ್ಕೊಳ್ತದೆ."

ಚಪ್ಪಟೆ ಸೆಲ್ ಹಾಕಿ ಒತ್ತಿದಳು. ಕತ್ತಲೆ. ಅಲ್ಲಾಡಿಸಿ ಒತ್ತಿದಳು. ಕತ್ತಲೆಯೇ. ಹಳೆಯ ಸೆಲ್ ಹಾಕಿ ಒತ್ತಿದಳು. ಮಂಕಾದರೂ ಬೆಳಕು ಬಂದು ಭಾಸ್ಕರನ ಎದೆಯ ಮೇಲೆ ಬಿದ್ದಿತು.

"ಬೆಳಿಗ್ಗೆ ಆರು ಗಂಟೆಯಿಂದ ಈ ಟಾರ್ಚು ಹೊತ್ತೇ ಇಲ್ಲ, ಸರ್. ಹೊತ್ತೂಕೆ ಸಾಧ್ಯವೇ ಇಲ್ಲ. ಹಂಗಾದ್ರೆ ಅನೂಪ ವಿಶಾಲನ ಮುಖ ನೋಡಿದ್ದು ಯಾವ ಬೆಳಕಲ್ಲಿ?"

ಅನೂಪ ಬೀಸಣಿಗೆ ಕೆಳಗಿಟ್ಟ. ಮೊಬೈಲು ಇದ್ದಿರಬಹುದು, ಸರಿಯಾಗಿ ನೆನಪಿಲ್ಲ ಎಂದ.

"ಆಗ ದೇವರಾಣೆ ಅಂದ್ಯಲ್ಲ," ಎಂದಳು ಪ್ರಿಯಂವದಾ. "ಮೊಬೈಲು ನಿಂದೇ. ಅದರ ಬೆಳಕಲ್ಲಿ ಪೆಟ್ಟಿಗೆ ತೆಗ್ದೆ. ಬೇಲಿ ಮೇಲಿನ ಅಂಗಿಯಿಂದ ಟಾರ್ಚು ತಂದು ಬಲೆಯಡಿ ಇಟ್ಟೆ. ಟಾರ್ಚು ಅಂದ್ಮೇಲೆ ಹೊತ್ತೇ ಹೊತ್ತುತ್ತದೆ ಅಂತ ಒತ್ತಿಯೂ ನೋಡ್ಲಿಲ್ಲ. ಹೊಸ ದೋಣಿ, ನಾಳೆ ಮೊದಲ ದಿನ, ಕೈಯಲ್ಲಿ ಒಂದು ಪಾಯಿಂಟೂ ಇಲ್ಲ. ಹೌದಲ್ದಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅನೂಪನ ಕಣ್ಣು ಅಂಗಳದ ಸ್ಕೂಟರಿನತ್ತ ಹೋಗಿ ಬಂತು. ಭಾಸ್ಕರನಿಗೆ ಅಷ್ಟು ಸಾಕಾಯಿತು. ಕೀಲಿ ಇಸಕೊಂಡು ಸೀಟು ಎತ್ತಿದ. ಮಡಚಿದ ರೇನ್‌ಕೋಟಿನೊಳಗೆ ಜಿಪಿಎಸ್ ಬೆಚ್ಚಗೆ ಕೂತಿತ್ತು.

ಅನೂಪ ಅತ್ತೆಯ ಕಾಲು ಹಿಡಿದ. ಪಾಯಿಂಟು ಬರೆದುಕೊಂಡು ಯಾರಿಗೂ ತಿಳಿಯದಂತೆ ತಿರುಗಿ ತಂದಿಡುತ್ತಿದ್ದೆ ಎಂದ. ಮಾಸ್ತಮ್ಮ ಕಾಲು ಹಿಂದಕ್ಕೆಳೆದುಕೊಂಡಳು.

"ಬರ್ಕೊಂಡು ನಾಳೆ ಅಲ್ಲಿಗೇ ಹೋಗ್ತಿದ್ಯಾ? ಅದ್ರಲ್ಲಿ ಇದ್ದದ್ದು ಒಂದೂ ಸರಿ ಪಾಯಿಂಟಲ್ಲ. ಕದ್ದವ್ರಿಗೆ ಸಿಗಬಾರ್ದು ಅಂತ ನಮ್ಮನೆಯವ್ರು ಎಲ್ಲದಕ್ಕೂ ಒಂದೇ ಅಂಕಿ ಕೂಡಿಸಿ ಇಟ್ಟಿದ್ರು. ಅದನ್ನ ಕಳೆದ್ರೆ ಮೀನು. ಕಳೀದಿದ್ರೆ ಕಲ್ಲು. ನಿನ್ನ ಬಲೆ ಅಲ್ಲ, ದೋಣಿಯೇ ಉಳೀತಿರ್ಲಿಲ್ಲ."

ದೂರು ಕೊಡುತ್ತೀರಾ ಎಂದು ಭಾಸ್ಕರ ಕೇಳಿದ. ಮನೆಯ ಮಾತು ಮನೆಯಲ್ಲೇ ಮುಗಿಯಲಿ ಎಂದು ಗುಂಪಿನಲ್ಲಿ ಯಾರೋ ಅಂದರು.

"ಕದ್ದದ್ದನ್ನ ಬಿಟ್ಟೇನು," ಎಂದಳು ಮಾಸ್ತಮ್ಮ. "ಆ ಹುಡುಗನ ತಲೆಗೆ ಕಟ್ಟಿದ್ದನ್ನ ಬಿಡೂದಿಲ್ಲ. ಬರ್ಕೊಳ್ಳಿ."

ಆಮೇಲೆ ಅವಳು ವಿಶಾಲನ ಮುಂದೆ ಬಂದು ನಿಂತಳು. ಅವನು ನೆಲ ನೋಡುತ್ತಿದ್ದ. ಸಿಟ್ಟು ಅವನಲ್ಲಿ ಇನ್ನೂ ಆರಿರಲಿಲ್ಲ. ಆರಬೇಕೆಂದೂ ಜಯಶ್ರೀಗೆ ಅನ್ನಿಸಲಿಲ್ಲ.

"ನಾಳೆ ಬೇರೆ ಯಾರನ್ನಾದ್ರೂ ಕಳ್ಸಿ, ಮಾಸ್ತಕ್ಕ," ಎಂದ.

"ನನ್ನ ನಾಲಿಗೆ ತಪ್ಪಿತು ಮಗನೇ. ಬೈಯೂದಿದ್ರೆ ಬೈ. ಆದ್ರೆ ನಾ ಆ ಅಂಕಿನ ಬೇರೆ ಯಾರಿಗೂ ಹೇಳಿಲ್ಲ. ಹೇಳೂದೂ ಇಲ್ಲ."

ಅವನ ಭುಜ ಹಿಡಿದು ಬಗ್ಗಿಸಿ, ಕಿವಿಗೆ ಬಾಯಿಟ್ಟು ಅವಳು ಏನೋ ಹೇಳಿದಳು. ಮತ್ತೊಮ್ಮೆ ಹೇಳಿದಳು. ವಿಶಾಲ ಕಣ್ಣು ಮುಚ್ಚಿ, ಮಗ್ಗಿ ಬಾಯಿಪಾಠ ಮಾಡುವವನಂತೆ ಸದ್ದಿಲ್ಲದೆ ತುಟಿ ಆಡಿಸತೊಡಗಿದ. ಆ ತುಟಿಗಳಿಂದ ಅಂಕಿ ಓದಿಬಿಟ್ಟೇನೆಂದು ಜಯಶ್ರೀ ಮುಖವನ್ನು ಸಮುದ್ರದ ಕಡೆ ತಿರುಗಿಸಿಕೊಂಡಳು.